ಕಾರು, ಕಾಡು, ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ಪ್ರಾಣಿ, ಹಕ್ಕಿ ನೋಡುವ ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಚೆನ್ನಾಗಿ ಬಂದಿವೆ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರಾಣಿಶಾಸ್ತ್ರ ಓದಿದವಳಲ್ಲ. ಹದಿನಾಲ್ಕು ವರ್ಷದಿಂದ ನಾನು ಕಾರು ಓಡಿಸುತ್ತೇನೆ, ಪಕ್ಕದಲ್ಲಿ ನಮ್ಮ ಯಜಮಾನರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಅದರಲ್ಲಿ ಮೂರೇ ಕಾಲಂ: ಎಲ್ಲಿ, ಎಷ್ಟು ಗಂಟೆಗೆ, ಏನು ಕಂಡಿತು. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಆ ಪುಟಗಳಿಂದ ಬಂದದ್ದು.

ಪ್ರಶ್ನೆ: ಮೇಡಂ, ನಾಲ್ಕು ದಿನ ರಜೆ ಇದೆ. ಎರಡು ಕಾಡು, ಒಂದು ಕೆರೆ, ಮೂರು ವ್ಯೂ ಪಾಯಿಂಟ್, ಒಂದು ಜಲಪಾತ, ಹೀಗೆ ಏಳು ಜಾಗ ಗುರುತು ಮಾಡಿಕೊಂಡಿದ್ದೇವೆ. ಒಟ್ಟು 1,150 ಕಿ.ಮೀ. ಎಲ್ಲ ಕಡೆ ಏನಾದರೂ ಕಾಣಬೇಕು ಅಂದರೆ ಹೇಗೆ ಪ್ಲಾನ್ ಮಾಡಬೇಕು?

ನಿಮ್ಮ ಪಟ್ಟಿ ನೋಡಿ ನಮ್ಮ ಮೊದಲ ಪ್ರವಾಸ ನೆನಪಾಯಿತು. ನಾವೂ ಏಳೇ ಜಾಗ ಬರೆದುಕೊಂಡಿದ್ದೆವು. ಮೊದಲ ದಿನವೇ 430 ಕಿ.ಮೀ. ಒಂದು ದೊಡ್ಡ ಕೆರೆ ತಲುಪಿದಾಗ ಮಧ್ಯಾಹ್ನ 12.45. ನೆತ್ತಿ ಸುಡುವ ಬಿಸಿಲು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿತ್ತು, ಅಷ್ಟೇ. ಹತ್ತು ನಿಮಿಷ ನೋಡಿ "ಇಷ್ಟೇನಾ" ಅಂತ ಯಜಮಾನರು ಕಾರು ಹತ್ತಿದರು. ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಕೈಕೊಟ್ಟಿತ್ತು. ಅದು ಸರಿಹೋಗುವಷ್ಟರಲ್ಲಿ ಕತ್ತಲಾಯಿತು, ಅಲ್ಲೇ ಹತ್ತಿರ ರೂಮು ಹಿಡಿದೆವು. ಉಳಿದ ಆರು ಜಾಗದ ಲೆಕ್ಕವೆಲ್ಲ ತಲೆಕೆಳಗಾಯಿತು ಅಂತ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ಸುಮ್ನೆ ಅದೇ ದಂಡೆಗೆ ಹೋದರೆ ಐದು ನೀರುನಾಯಿಗಳು ಒಂದೇ ಮೀನಿಗೆ ಕಿತ್ತಾಡುತ್ತಿವೆ! ಆ ಪುಟ ಈಗಲೂ ಇದೆ. ಒಂದೇ ಕೆರೆಯ ಹೆಸರು ಎರಡು ಸಲ. 12.45, ನೀರುಕಾಗೆ 1. 5.50, ನೀರುನಾಯಿ 5.

ಹಾಗಾಗಿ ನಾನು ಮ್ಯಾಪ್‌ಗಿಂತ ಮೊದಲು ಗಡಿಯಾರ ನೋಡುತ್ತೇನೆ. ಕಾಡುಪ್ರಾಣಿಗಳಲ್ಲಿ ಬಹಳಷ್ಟು ಹೊತ್ತು ಹುಟ್ಟುವಾಗ ಮತ್ತು ಮುಳುಗುವಾಗ ಓಡಾಡುತ್ತವೆ. ಬಿಸಿಲೇರಿದರೆ ನೆರಳಿಗೆ ಸರಿದು ಮಲಗಿಬಿಡುತ್ತವೆ. ಈಗ ನಿಮ್ಮ ನಾಲ್ಕು ದಿನ ಎಣಿಸಿ. ಮೊದಲ ದಿನದ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹೋಯಿತು. ಕೊನೆಯ ಸಂಜೆ ವಾಪಸ್ ಬರುವ ದಾರಿಯಲ್ಲಿ ಹೋಯಿತು. ಉಳಿದದ್ದು ಮೂರು ಸಂಜೆ, ಮೂರು ಬೆಳಿಗ್ಗೆ. ನಿಮ್ಮ ಹತ್ತಿರ ಇರುವ ಬಂಡವಾಳ ಇಷ್ಟೇ. ಎರಡು ಕಾಡು, ಒಂದು ಕೆರೆ, ಒಂದೊಂದಕ್ಕೆ ಒಂದು ಸಂಜೆ ಮತ್ತು ಮರುದಿನದ ಬೆಳಿಗ್ಗೆ ಕೊಡಿ. ಅಂದರೆ ರಾತ್ರಿ ತಂಗುವುದು ಆ ಜಾಗದ ಪಕ್ಕದಲ್ಲೇ ಆಗಬೇಕು, 60 ಕಿ.ಮೀ. ಆಚೆಯ ಊರಿನಲ್ಲಲ್ಲ. ಜಲಪಾತವನ್ನು ಮಧ್ಯಾಹ್ನಕ್ಕೆ ಹಾಕಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಕಾರು ಓಡಿಸಲು ಉಳಿಯುವುದು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆ. ಘಟ್ಟ ಮತ್ತು ಕಾಡಿನ ರಸ್ತೆಯಲ್ಲಿ ನನ್ನ ಸರಾಸರಿ ಗಂಟೆಗೆ 35 ಕಿ.ಮೀ. ದಾಟಿದ್ದೇ ಇಲ್ಲ. ಫೋನಿನ ಮ್ಯಾಪ್ ಮೂರು ಗಂಟೆ ಅಂದರೆ ನಾನು ನಾಲ್ಕೂವರೆ ಅಂತ ಬರೆದುಕೊಳ್ಳುತ್ತೇನೆ. ಆರು ಗಂಟೆಯಲ್ಲಿ, ಊಟಕ್ಕೆ ನಿಂತದ್ದೂ ಸೇರಿ, 180 ಕಿ.ಮೀ. ಆದರೆ ಅದೇ ಹೆಚ್ಚು. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 287 ಬರುತ್ತದೆ. ಎರಡು ವ್ಯೂ ಪಾಯಿಂಟ್ ಹೊಡೆದುಹಾಕಿ. ಬೇಜಾರಾಗುತ್ತೆ, ಗೊತ್ತು.

ಇನ್ನೊಂದು ಮಾತು. ಸುತ್ತು ಯಾವ ದಿಕ್ಕಿನಿಂದ ಶುರು ಮಾಡುತ್ತೀರಿ ಅನ್ನುವುದೂ ಮುಖ್ಯ. ಬೆಳಿಗ್ಗೆ ಪೂರ್ವಕ್ಕೆ ಹೊರಟರೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಎದುರಿನ ಜಿಂಕೆ ಬರೀ ಕಪ್ಪು ನೆರಳು. ಅದೇ ರಸ್ತೆಯಲ್ಲಿ ಉಲ್ಟಾ ಬಂದರೆ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಪ್ರಾಣಿಯ ಮೈಮೇಲೆ ಬೀಳುತ್ತದೆ. ರಸ್ತೆಯ ಎಡಗಡೆ ವಾಹನ ಓಡಿಸುವ ಕಡೆ ಕೆರೆಯೂ ಎಡಕ್ಕೇ ಬರುವ ಹಾಗೆ ಸುತ್ತು ಹಾಕಿ. ರಸ್ತೆ ದಾಟದೆ ನಿಲ್ಲಿಸಬಹುದು.

ಪ್ರಶ್ನೆ: ನನಗೆ ಹಸಿರು ಬೆಟ್ಟವೂ ಬೇಕು, ಪ್ರಾಣಿಗಳೂ ಬೇಕು. ಯಾವ ತಿಂಗಳು ಒಳ್ಳೆಯದು?

ಎರಡೂ ಒಟ್ಟಿಗೆ ಸಿಗುವುದು ಅಪರೂಪ ಕಣ್ರೀ. ಮಳೆಗಾಲದಲ್ಲಿ ಎಲ್ಲೆಲ್ಲೂ ಗುಂಡಿಗಳಲ್ಲಿ ನೀರು, ಎಲ್ಲೆಲ್ಲೂ ಮೇವು. ಪ್ರಾಣಿ ಯಾಕೆ ರಸ್ತೆ ಪಕ್ಕದ ಕೆರೆಗೆ ಬರಬೇಕು? ಬಂದರೂ ಆಳೆತ್ತರದ ಹುಲ್ಲಿನಲ್ಲಿ ಕಾಣುವುದಿಲ್ಲ. ಒಣ ತಿಂಗಳಲ್ಲಿ ನೀರು ನಾಲ್ಕಾರು ಕಡೆಗೆ ಕುಗ್ಗುತ್ತದೆ, ಎಲೆ ಉದುರಿ ದೂರದವರೆಗೂ ನೋಟ ಸಿಗುತ್ತದೆ. ನಮೀಬಿಯಾದ ಎಟೋಷಾದಲ್ಲಿ ಜನ ಒಣ ತಿಂಗಳಲ್ಲೇ ಹೋಗುವುದು ಇದಕ್ಕೇ. ಅಲ್ಲಿ ಓಕಾಕುಯೆಯೊ ಅನ್ನುವ ತಂಗುದಾಣದ ನೀರುಗುಂಡಿಗೆ ರಾತ್ರಿ ದೀಪ ಹಾಕಿರುತ್ತಾರೆ. ನೀವು ಬೆಂಚಿನ ಮೇಲೆ ಕೂತರೆ ಸಾಕು, ಪ್ರಾಣಿಗಳೇ ಬರುತ್ತವೆ.

ಇದಕ್ಕೆ ತದ್ವಿರುದ್ಧ ಟಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದ ಬಯಲು. ಮಳೆ ಬಿದ್ದು ಗಿಡ್ಡ ಹುಲ್ಲು ಚಿಗುರಿದ ಫೆಬ್ರುವರಿ ಸುಮಾರಿಗೆ ವೈಲ್ಡ್‌ಬೀಸ್ಟ್‌ಗಳು (ಆಫ್ರಿಕಾದ ಒಂದು ಜಾತಿಯ ದೊಡ್ಡ ಹುಲ್ಲೆ) ಅಲ್ಲೇ ಬಂದು ಮರಿ ಹಾಕುತ್ತವೆ. ಹುಲ್ಲು ಗಿಡ್ಡ ಇರುವುದರಿಂದ ಹಸಿರೂ ಉಂಟು, ನೋಟವೂ ಉಂಟು. ಅಂಥ ಜಾಗ ಸಿಗದಿದ್ದರೆ ಮಳೆ ನಿಂತು ಎರಡು ತಿಂಗಳ ಮೇಲೆ ಹೊರಡಿ. ಬೆಟ್ಟದಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ, ಗುಂಡಿಗಳು ಒಣಗಲು ಶುರುವಾಗಿರುತ್ತವೆ. ನಾನು ಯಾವಾಗಲೂ ಆರಿಸುವುದು ಅದನ್ನೇ.

ಪ್ರಶ್ನೆ: ನಮ್ಮ ಸ್ವಂತ ಕಾರಿನಲ್ಲೇ ಕಾಡಿನೊಳಗೆ ಹೋಗಬಹುದಾ?

ಒಂದೊಂದು ಕಡೆ ಒಂದೊಂದು ನಿಯಮ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲೇ ಸುತ್ತಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40, ಅದಕ್ಕಿಂತ ಹೆಚ್ಚಿಲ್ಲ. ಗೇಟು ತೆರೆಯುವ, ಮುಚ್ಚುವ ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಅಲಾಸ್ಕದ ಡೆನಾಲಿಯಲ್ಲಿ ರಸ್ತೆ 148 ಕಿ.ಮೀ. ಇದ್ದರೂ ಬೇಸಿಗೆಯಲ್ಲಿ ಖಾಸಗಿ ಕಾರಿಗೆ ಮೊದಲ 24 ಕಿ.ಮೀ. ಮಾತ್ರ. ಆಮೇಲೆ ಬಸ್ಸು ಹತ್ತಬೇಕು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ರೂಮು ಬುಕ್ ಮಾಡುವ ಮೊದಲು ಗೇಟಿನ ಸಮಯ ನೋಡಿ. ಒಮ್ಮೆ ನಾವು ಹದಿನೈದು ನಿಮಿಷ ತಡವಾಗಿ ಹೋಗಿ, 90 ಕಿ.ಮೀ. ಸುತ್ತು ಹಾಕಿದ್ದೇವೆ.

ಪ್ರಶ್ನೆ: ನಮ್ಮೆಜಮಾನ್ರು ಏನಾದ್ರೂ ಕಂಡ ಕೂಡಲೇ ರಸ್ತೆ ಮಧ್ಯದಲ್ಲೇ ಬ್ರೇಕ್ ಒತ್ತುತ್ತಾರೆ. ಹಿಂದೆ ಬರುವವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಾರೆ. ಏನು ಮಾಡಲಿ ಅಕ್ಕಾ?

ಪ್ರಾಣಿ ಹುಡುಕುವ ಕೆಲಸ ಅವರಿಂದ ಕಿತ್ತುಕೊಳ್ಳಿ. ಓಡಿಸುವವರು ರಸ್ತೆ ನೋಡಬೇಕು, ಪಕ್ಕದವರು ಕಾಡು ನೋಡಬೇಕು. ನಮ್ಮ ಕಾರಿನಲ್ಲಿ "ಅಯ್ಯೋ ಆನೆ!" ಅಂತ ಕಿರುಚುವ ಹಾಗಿಲ್ಲ. "ನಿಧಾನ, ಎಡಕ್ಕೆ" ಅಂತ ಮಾತ್ರ ಹೇಳಬೇಕು. ನಾನು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಅಗಲವಾದ ಅಂಚು ಸಿಗುವವರೆಗೆ ಮುಂದೆ ಹೋಗುತ್ತೇನೆ. ತಿರುವಿನಲ್ಲಿ, ಸೇತುವೆ ಮೇಲೆ ನಿಲ್ಲಿಸುವುದೇ ಇಲ್ಲ. ಅಷ್ಟರಲ್ಲಿ ಪ್ರಾಣಿ ಹೋಗಿಬಿಟ್ಟರೆ ಹೋಗಲಿ ಬಿಡಿ.

ನಿಲ್ಲಿಸಿದ ಮೇಲೆ ಎಂಜಿನ್ ಆಫ್. ಕಿಟಕಿ ಗಾಜು ನಿಲ್ಲಿಸುವ ಮೊದಲೇ ಇಳಿಸಿರಬೇಕು. ಬಾಗಿಲು ತೆರೆಯಬೇಡಿ. ಕಾರುಗಳನ್ನು ನೋಡಿ ರೂಢಿಯಾದ ಪ್ರಾಣಿಗಳು ಕಾರಿನೊಳಗೆ ಕೂತ ನಮ್ಮನ್ನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಕಾಲು ಕೆಳಗಿಟ್ಟ ಕ್ಷಣ ನಾವು ಎರಡು ಕಾಲಿನ ಮನುಷ್ಯರು ಅಂತ ಗೊತ್ತಾಗಿಬಿಡುತ್ತದೆ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಬೈಸನ್‌ನಂಥ ಪ್ರಾಣಿಗಳಿಂದ 23 ಮೀಟರ್ ದೂರ ಇರಲೇಬೇಕು ಅನ್ನುವ ನಿಯಮ ಇದೆ. ಬೈಸನ್ ಹಸುವಿನ ಹಾಗೆ ಸಾಧು ಅಂದುಕೊಂಡು ಫೋಟೋಗೆ ಹತ್ತಿರ ಹೋಗಿ ಗುದ್ದಿಸಿಕೊಂಡವರು ಬೇಕಾದಷ್ಟು ಜನ.

ಮತ್ತೆ, ಕಡೇಪಕ್ಷ 20 ನಿಮಿಷ ಕೂರಿ. ಮೊದಲ ಐದು ನಿಮಿಷ ಬಿಸಿ ಎಂಜಿನ್ ಟಿಕ್ ಟಿಕ್ ಅನ್ನುವುದೊಂದೇ ಕೇಳುತ್ತದೆ. ಆಮೇಲೆ ಹಕ್ಕಿಗಳು ಶುರು ಮಾಡುತ್ತವೆ. ಕೋತಿಯೋ ಜಿಂಕೆಯೋ ಒಂದೇ ಸಮನೆ ಗಾಬರಿಯಿಂದ ಕೂಗಲು ಹಿಡಿದರೆ, ಅದು ನೋಡುತ್ತಿರುವ ದಿಕ್ಕಿಗೇ ನೀವೂ ನೋಡಿ. ನನ್ನ ನೋಟ್‌ಬುಕ್‌ನ ಇಬ್ಬರು ಚಿರತೆಯರೂ ಸಿಕ್ಕಿದ್ದು ಹೀಗೇ. (ಚಿರತೆಗೆ "ಇಬ್ಬರು" ಅಂತ ಬರೆದದ್ದು ಯಜಮಾನರು. ಅಷ್ಟು ಮರ್ಯಾದೆ.)

ಪ್ರಶ್ನೆ: ದಾರಿಯಲ್ಲಿ ಕೋತಿಗಳಿಗೆ ತಿಂಡಿ ಕೊಡಬಹುದಾ?

ಬೇಡ. ತಿಂಡಿಗೆ ಕಾಯುತ್ತಾ ರಸ್ತೆಗಿಳಿದ ಕೋತಿ ನಿಮ್ಮ ಹಿಂದಿನ ಕಾರಿಗೆ ಸಿಕ್ಕಿ ಸಾಯುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗ, ಆರು ವರ್ಷದ ಮಗಳು. ನಲವತ್ತು ನಿಮಿಷಕ್ಕೇ "ಹುಲಿ ಎಲ್ಲಿ" ಅಂತ ರಾಗ ಶುರು.

ಹುಲಿಯ ಹೆಸರು ಎತ್ತಬೇಡಿ. ಒಬ್ಬರಿಗೆ ಎಡ, ಒಬ್ಬರಿಗೆ ಬಲ ಹಂಚಿ. ಪ್ರಾಣಿಯನ್ನು ಹುಡುಕಿ ಅಂದರೆ ಸಿಗಲ್ಲ. ಮರಗಳೆಲ್ಲ ಉದ್ದಕ್ಕೆ ನಿಂತಿರುವಾಗ ಅಡ್ಡಕ್ಕೆ ಒಂದು ಗೆರೆ ಕಂಡರೆ ಹೇಳಿ ಅನ್ನಿ. ಅದು ಬಿದ್ದ ಕೊಂಬೆ, ಇಲ್ಲವೇ ಯಾವುದೋ ಪ್ರಾಣಿಯ ಬೆನ್ನು. ಅಲುಗುವ ಕಿವಿ, ಬಾಲ, ಇವೂ ಲೆಕ್ಕಕ್ಕೆ. ಇಳಿಯಲು ಅವಕಾಶ ಇರುವ ಜಾಗದಲ್ಲಿ ಹೆಜ್ಜೆ ಗುರುತು ಹುಡುಕಿಸಿ. ನಾಯಿ ಜಾತಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕಿ ಕಾಣುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ, ಗುರುತಿರುವುದಿಲ್ಲ. ಚೀತಾ ಮಾತ್ರ ಬೇರೆ, ಅದರ ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ. ಇಷ್ಟು ಹೇಳಿಕೊಟ್ಟರೆ ಮಕ್ಕಳು ನಿಮಗೇ ಪಾಠ ಮಾಡುತ್ತಾರೆ.

ಪ್ರಶ್ನೆ: ಬೈನಾಕ್ಯುಲರ್ 10×25 ಸಾಕಾ? ಹಗುರ ಇದೆ.

ಮಧ್ಯಾಹ್ನಕ್ಕೆ ಸಾಕು. ಆದರೆ ನೀವು ನೋಡುವುದು ಬೆಳಗಿನ ಮಬ್ಬಿನಲ್ಲಿ ಅಲ್ವಾ? ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 10×25ಕ್ಕೆ 2.5 ಮಿ.ಮೀ., 8×42ಕ್ಕೆ 5.25 ಮಿ.ಮೀ. ಕಣ್ಣಿಗೆ ಬರುವ ಬೆಳಕಿನ ಬಿಂದುವಿನ ಅಗಲ ಅದು. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುತ್ತದೆ, ಆಗ ದೊಡ್ಡ ಬಿಂದು ಇದ್ದರೆ ನೋಟ ಬೆಳ್ಳಗಿರುತ್ತದೆ. ಹತ್ತು ಪಟ್ಟು ಹಿಗ್ಗಿಸಿದರೆ ಕೈನಡುಕವೂ ಹತ್ತು ಪಟ್ಟು. 8×42 ತಗೊಳ್ಳಿ, ಮನೆಗೆ ಒಂದಲ್ಲ, ಎರಡು. ನಮ್ಮ ಮನೆಯ ಜಗಳಗಳಲ್ಲಿ ಅರ್ಧ ಎರಡನೆಯದು ಬಂದ ದಿನ ನಿಂತವು.

ಪ್ರಶ್ನೆ: ಸಂಜೆ ಕಾಡಿನಿಂದ ಹೊರಬರುವಾಗ ಜಿಂಕೆ ಅಡ್ಡ ಹಾರಿತು. ಕೂದಲೆಳೆಯಲ್ಲಿ ತಪ್ಪಿತು. ಇದಕ್ಕೆ ಉಪಾಯ?

ವೇಗ ಇಳಿಸುವುದು. ಲೆಕ್ಕ ನೋಡಿ: 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಅಂದರೂ 33 ಮೀಟರ್ ಮುಗಿಯಿತು. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು 35. ಲೋ ಬೀಮ್ ಬೆಳಕು ಅಷ್ಟು ದೂರ ಹೋಗುವುದೇ ಇಲ್ಲ. 40ರಲ್ಲಿ ಎರಡೂ ಸೇರಿ 26 ಮೀಟರ್‌ಗೆ ನಿಲ್ಲುತ್ತೀರಿ.

ಕಣ್ಣು ಹೊಳೆದಾಗ ಗೊತ್ತಾಗುತ್ತೆ ಅಂತ ನಂಬಿ ಕೂರಬೇಡಿ. ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇರುವುದರಿಂದ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. ಜಿಂಕೆಯೂ ತಲೆ ಆಚೆ ತಿರುಗಿಸಿದ್ದರೆ ಏನೂ ಕಾಣದು. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಪ್ರಾಣಿ ದಾಟುವ ಸಮಸ್ಯೆ ಎಷ್ಟು ದೊಡ್ಡದು ಅಂದರೆ, ಕೆನಡಾದ ಬಾನ್ಫ್‌ನಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳಿಗೇ ಅಂತ ಮರಗಿಡ ಬೆಳೆಸಿದ ಮೇಲ್ಸೇತುವೆ, ಕೆಳದಾರಿಗಳನ್ನು ಕಟ್ಟಿದ್ದಾರೆ. ಅಪಘಾತ ಶೇ. 80ಕ್ಕೂ ಹೆಚ್ಚು ಇಳಿಯಿತು. ಅಂಥ ಸೇತುವೆ ಇಲ್ಲದ ಕಡೆ ಕತ್ತಲಾಗುವ ಮೊದಲೇ ರೂಮು ಸೇರಿಕೊಳ್ಳಿ.

ಪ್ರಶ್ನೆ: ಎದುರಿಗೆ ಆನೆ ನಿಂತುಬಿಟ್ಟರೆ?

ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿಣುಕಿಸುವುದು ಬೇಡ, ಆಕ್ಸಲರೇಟರ್ ಒತ್ತಿ ಗುರ್ ಅನ್ನಿಸುವುದು ಬೇಡ. ಕಿವಿ ಬೀಸುತ್ತಾ ಮೇಯುತ್ತಿದ್ದರೆ ಸಮಾಧಾನದಲ್ಲಿದೆ. ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮ ಕಡೆಗೇ ತಿರುಗಿ ನಿಂತರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ, ಮೆಲ್ಲಗೆ ರಿವರ್ಸ್ ತಗೊಳ್ಳಿ. ಕಣ್ಣು ಮತ್ತು ಕಿವಿಯ ನಡುವೆ ಒದ್ದೆ ಗೆರೆ ಇಳಿದಿರುವ ಗಂಡಾನೆ ಮದದಲ್ಲಿರಬಹುದು, ಅದನ್ನು ಕಂಡರೆ ಇನ್ನೂ ದೂರ ಹೋಗಿ. ತಾಯಿ, ಮರಿಯ ನಡುವೆ ಕಾರು ನುಗ್ಗಿಸಲೇಬೇಡಿ. ನಿಮ್ಮ ಹಿಂದೆ ಬಂದ ಕಾರು ಅಂಟಿಕೊಂಡು ನಿಂತರೆ ರಿವರ್ಸ್‌ಗೆ ಜಾಗ ಇರುವುದಿಲ್ಲ, ಕೈ ತೋರಿಸಿ ಅವರನ್ನು ಮೊದಲು ಹಿಂದಕ್ಕೆ ಕಳಿಸಿ.

ನಾವು ಒಮ್ಮೆ ಸುಮಾರು 300 ಮೀಟರ್ ರಿವರ್ಸ್ ಹೋಗಿ, ನಲವತ್ತು ನಿಮಿಷ ಕಾದಿದ್ದೇವೆ. ಆ ಆನೆ ನಮ್ಮ ಕಡೆ ತಿರುಗಿಯೂ ನೋಡದೆ ಬಿದಿರು ಮುರಿಯುತ್ತಾ ನಿಂತಿತ್ತು. ನೋಟ್‌ಬುಕ್‌ನಲ್ಲಿ ಹೀಗಿದೆ: 6.10ರಿಂದ 6.50, ಆನೆ 1, ಬರೀ ಹಿಂಭಾಗ.