ಪಾರ್ಕ್ ಸ್ಟ್ರೀಟ್ ಗೋರಿಗಳು ಅಷ್ಟೆತ್ತರ ಯಾಕೆ?

ಪ್ರಶ್ನೆ: ಕೋಲ್ಕತ್ತಾದಲ್ಲಿ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ನೋಡಿ ಬಂದ್ವಿ ಸಾರ್. ಒಳಗೆ ಪಿರಮಿಡ್ಡು, ಗುಮ್ಮಟ, ಒಂದು ಗೋರಿಯಂತೂ ಥೇಟ್ ನಮ್ಮ ಗುಡಿ ಥರ. ಪಕ್ಕದಲ್ಲಿ ಚರ್ಚೇ ಕಾಣಲಿಲ್ಲ. ಇದರ ಹಿನ್ನೆಲೆ ಏನು?

ಉತ್ತರ: ಚರ್ಚ್ ಕಾಣಲಿಲ್ಲ ಅಂದ್ರಲ್ಲ, ಈ ಜಾಗದ ವಿಶೇಷಾನೇ ಅದು. ಇದು ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ರಿಟಿಷರ ಸ್ಮಶಾನ. ಆಗ ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ಹೂಳ್ತಿದ್ದಿದ್ದು ಚರ್ಚಿನ ಅಂಗಳದಲ್ಲೇ. ಇಲ್ಲೂ ಮೊದಲು ಊರೊಳಗಿನ ಹಳೇ ಜಾಗ ಇತ್ತು, ಅದು ತುಂಬಿಹೋಯ್ತು, ಆಮೇಲೆ 1767ರಲ್ಲಿ ಊರಾಚೆ ಇದನ್ನ ಶುರು ಮಾಡಿದ್ರು. ಇವತ್ತು ನಗರದ ನಟ್ಟನಡುವೆ ಇರೋ ಪಾರ್ಕ್ ಸ್ಟ್ರೀಟಿಗೆ ಆಗ ಬರಿಯಲ್ ಗ್ರೌಂಡ್ ರೋಡ್ ಅಂತಾನೇ ಹೆಸರು. ಅಂದ್ರೆ ಸ್ಮಶಾನಕ್ಕೆ ಹೋಗೋ ದಾರಿ.

ಇನ್ನು ಆ ಎತ್ತರ. ಯುರೋಪಲ್ಲಿ ಆಗ ಹಳೇ ರೋಮು, ಗ್ರೀಸು, ಈಜಿಪ್ಟಿನ ಕಟ್ಟಡಗಳ ಮೇಲೆ ಭಾರಿ ಮೋಹ, ಅದೇ ಇಲ್ಲಿಗೂ ಬಂತು. ಆದ್ರೆ ಅಷ್ಟೇ ಅಲ್ಲ ಅಂತ ನನಗನ್ನಿಸುತ್ತೆ. ಮುಂದಿನ ಸಲ ಹೋದ್ರೆ ದಯವಿಟ್ಟು ಹಲಗೆಗಳ ಮೇಲಿನ ವಯಸ್ಸು ಓದಿ, ಇಪ್ಪತ್ತು, ಇಪ್ಪತ್ತೆರಡು, ಎಳೇ ಮಕ್ಕಳು, ಬಾಣಂತಿಯರು. ಬಿಳಿಯರ ಆಯಸ್ಸು ಇಲ್ಲಿ ಎರಡು ಮಳೆಗಾಲ ಅನ್ನೋ ಮಾತೇ ಇತ್ತು. ಜ್ವರ, ಕಾಲರಾ ಯಾಕೆ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಕೆಟ್ಟ ಗಾಳಿ ಅಂದ್ಕೊಂಡಿದ್ರು, ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ರೊನಾಲ್ಡ್ ರಾಸ್ ಕಂಡುಹಿಡಿದಿದ್ದೇ 1897ರಲ್ಲಿ. ಹೆತ್ತವರು ಹಡಗಲ್ಲಿ ತಿಂಗಳುಗಟ್ಟಲೆ ದೂರ, ಬಂದು ನೋಡೋರಿಲ್ಲ. ಅಂಥ ಮಕ್ಕಳ ಮೇಲೆ ಇಷ್ಟೆತ್ತರ ಕಟ್ಟಿದ್ದು ಬರೀ ಜಂಬಕ್ಕೆ ಅಂತ ನನಗೆ ಹೇಳೋಕಾಗಲ್ಲ.

ಅವು ಕಲ್ಲಿನವಲ್ಲ ಅನ್ನೋದು ಗಮನಿಸಿದ್ರಾ? ಬಂಗಾಳದ ಆ ಭಾಗ ನದಿ ತಂದು ಹಾಕಿದ ಮಣ್ಣು, ಬಂಡೆ ಸಿಗಲ್ಲ. ಅದಕ್ಕೇ ಇಟ್ಟಿಗೆ ಕಟ್ಟಿ ಸುಣ್ಣದ ಗಾರೆ ಮೆತ್ತಿ ಕಲ್ಲಿನ ಹಾಗೆ ಕಾಣೋ ಥರ ಮಾಡಿದ್ದು. ಗಾರೆ ಉದುರಿದ ಕಡೆ ಮಳೆ ನೀರು ಇಳಿಯುತ್ತೆ, ಪಾಚಿ ಕಟ್ಟುತ್ತೆ, ಗಿಡ ಬೇರು ಬಿಟ್ಟು ಇಟ್ಟಿಗೆ ಸೀಳುತ್ತೆ. ನೀವು ಕಂಡ ಆ ಹಸಿರು ನೆರಳು ಎಷ್ಟು ಚೆಂದವೋ ಗೋರಿಗಳಿಗೆ ಅಷ್ಟೇ ಕಂಟಕ.

ಎಲ್ಲಕ್ಕಿಂತ ಎತ್ತರದ ಚೂಪು ಕಂಬ ಸರ್ ವಿಲಿಯಂ ಜೋನ್ಸ್ ಅವರದು. 1783ರಲ್ಲಿ ಜಡ್ಜ್ ಆಗಿ ಬಂದು, ಮರುವರ್ಷ ಏಷ್ಯಾದ ಭಾಷೆ, ಇತಿಹಾಸ ಅಧ್ಯಯನ ಮಾಡೋ ಏಷ್ಯಾಟಿಕ್ ಸೊಸೈಟಿ ಶುರು ಮಾಡಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಮೂಲ ಒಂದೇ ಇರಬೇಕು ಅಂತ 1786ರಲ್ಲಿ ಹೇಳಿದವರು. 1794ರಲ್ಲಿ ತೀರಿಕೊಂಡಾಗ ಬರೀ 47 ವರ್ಷ. ಹಿಂದೂ ಕಾಲೇಜಿನ ಮೇಷ್ಟ್ರು, ಕವಿ ಡಿರೋಜಿಯೋ ಕೂಡ ಇಲ್ಲೇ ಇದ್ದಾರೆ, 1831ರಲ್ಲಿ ಕಾಲರಾ ಬಂದು 22ಕ್ಕೇ ಹೋದ್ರು.

ನೀವು ಕೇಳಿದ ಗುಡಿ ಥರದ್ದು ಚಾರ್ಲ್ಸ್ ಸ್ಟುವರ್ಟ್ ಗೋರಿ. ಐರಿಶ್ ಮೂಲದ, ಕಂಪನಿ ಸೈನ್ಯದ ಅಧಿಕಾರಿ. ದಿನಾ ಗಂಗಾಸ್ನಾನ ಮಾಡ್ತಿದ್ರು, ದೇವರ ವಿಗ್ರಹಗಳನ್ನ ಕೂಡಿಡ್ತಿದ್ರು, ಜನ ಅವರನ್ನ ಹಿಂದೂ ಸ್ಟುವರ್ಟ್ ಅಂತಾನೇ ಕರೀತಿದ್ರು. 1828ರಲ್ಲಿ ತೀರಿಕೊಂಡ್ರು. ಹೂಳಿದ್ದು ಕ್ರೈಸ್ತರ ಸ್ಮಶಾನದಲ್ಲೇ, ಆದ್ರೆ ಮೇಲೆ ಕಟ್ಟಿದ್ದು ಕೆತ್ತನೆ ಬಾಗಿಲಿನ ಗುಡಿ.