ಹಾಲ್‌ನಲ್ಲಿ ಮಲಗೋಕೆ ಶುರು ಮಾಡಿದ ಯಜಮಾನರು

ನನ್ನ ಹತ್ರ ಸಲಹೆಗೆ ಬಂದ ಗಂಡ ಹೆಂಡತಿ ಕಥೆ ಇದು, ಗುರುತು ಸಿಗದ ಹಾಗೆ ವಿವರ ಬದಲಾಯಿಸಿ ಬರೀತಿದೀನಿ. ಯಜಮಾನರಿಗೆ 67 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದಿದೆ, 3 ತಿಂಗಳಿಗೊಂದು ಹಾರ್ಮೋನ್ ತಗ್ಗಿಸೋ ಇಂಜೆಕ್ಷನ್ ನಡೀತಿದೆ, ಮುಂದಿನದು ಬೇಡವೇ ಬೇಡ ಅಂತ ಹಠ ಹಿಡಿದಿದ್ರು.

"ಐದು ತಿಂಗಳಿಂದ ಇವರು ಹಾಲ್‌ನಲ್ಲೇ ಮಲಗ್ತಾರೆ ಮೇಡಂ, ನಾನೇನು ತಪ್ಪು ಮಾಡಿದೆ ಅಂತಾನೂ ಹೇಳಲ್ಲ" ಅಂದ್ರು ಹೆಂಡತಿ. ಅವರು ಹೇಳ್ತಿರೋವಾಗ್ಲೇ ಯಜಮಾನರ ಮುಖ ಕೆಂಪಾಗಿ, ಕುತ್ತಿಗೆಯಿಂದ ಬೆವರಿಳಿದು ಕಾಲರ್ ಒದ್ದೆ, ಜೇಬಿಂದ ಕರ್ಚೀಫ್ ತೆಗೆದ್ರೆ ಅದೂ ಆಗಲೇ ಒದ್ದೆ.

ಆಮೇಲೆ ಅವರೊಬ್ರನ್ನೇ ಕೂರಿಸಿ ಕೇಳಿದೆ. ರಾತ್ರಿ ಮೂರ್ನಾಲ್ಕು ಸಲ ಹೀಗಾಗಿ ಬನಿಯನ್ ಬದಲಾಯಿಸ್ಬೇಕಂತೆ, ಅವಳ ನಿದ್ದೆ ಯಾಕೆ ಕೆಡಿಸೋದು ಅಂತ ಹಾಲ್‌ಗೆ ಹೋಗಿದ್ದು, ಅಷ್ಟರಲ್ಲಿ ಆಸೆನೂ ಪೂರ್ತಿ ಹೋಯ್ತು, ವಾಪಸ್ ರೂಮಿಗೆ ಹೋಗೋಕೆ ನಾಚಿಕೆ. "ನಾನೀಗ ಗಂಡಸೇ ಅಲ್ಲ" ಅಂತ ಅತ್ತುಬಿಟ್ರು. ಸಾಯೋ ಯೋಚನೆ ಬರತ್ತಾ ಅಂತ ನೇರವಾಗೇ ಕೇಳಿದೆ (ಇದನ್ನ ಕೇಳೋಕೆ ಯಾರೂ ಹಿಂಜರಿಬಾರದು), ಇಲ್ಲ ಅಂದ್ರು.

ಈ ಕ್ಯಾನ್ಸರ್‌ಗೆ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನೇ ಆಹಾರ ಅಂತ ಬಿಡಿಸಿ ಹೇಳಿದೆ. 1941ರಲ್ಲೇ ಚಾರ್ಲ್ಸ್ ಹಗಿನ್ಸ್ ಅನ್ನೋ ಡಾಕ್ಟರ್ ಅದನ್ನ ತಗ್ಗಿಸಿದ್ರೆ ರೋಗ ಕುಗ್ಗತ್ತೆ ಅಂತ ತೋರಿಸಿದ್ರು, 1966ರಲ್ಲಿ ನೊಬೆಲ್ ಬಂತು. ಇಂಜೆಕ್ಷನ್ ಮಾಡೋದೂ ಅದೇ ಕೆಲಸ, ವೃಷಣಕ್ಕೆ ಮೆದುಳಿಂದ ಬರೋ ಸೂಚನೆ ನಿಲ್ಲಿಸತ್ತೆ. ಬೆವರು, ಸುಸ್ತು, ಅಳು, ಆಸೆ ಬತ್ತೋದು ಎಲ್ಲಾ ಅದರಿಂದಲೇ. ಇದನ್ನ ಮೊದಲ ಡೋಸ್‌ಗೆ ಮುಂಚೆನೇ ಗಂಡ ಹೆಂಡತಿ ಇಬ್ಬರಿಗೂ ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ, ನಂಗೆ ತುಂಬಾ ಸಂಕಟ ಆಯ್ತು.

ಸಲಹೆ ಅಂತ ಹೇಳಿದ್ದು ಇಷ್ಟು. ಇಂಜೆಕ್ಷನ್ ನೀವಾಗೇ ನಿಲ್ಲಿಸ್ಬೇಡಿ, ಇನ್ನೆಷ್ಟು ದಿನ ಬೇಕು ಅಂತ ಡಾಕ್ಟರನ್ನ ಕೇಳಿ, ರೇಡಿಯೇಷನ್ ಜೊತೆ ಕೊಡೋದು ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದವರೆಗೂ ಇರತ್ತೆ, ರೋಗ ಎಷ್ಟು ಜೋರಿದೆ ಅನ್ನೋದರ ಮೇಲೆ. ಬೆವರಿಗೆ ಮಾತ್ರೆ ಇದೆ, ಬಾಯಿಬಿಟ್ಟು ಕೇಳಿದ್ರೆ ತಾನೇ ಬರ್ಕೊಡೋದು. ಮೂಳೆ ಸವೆಯತ್ತೆ, ಮೂಳೆ ಗಟ್ಟಿ ಇದೆಯಾ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಶುಗರ್ ನೋಡಿಸ್ತಾ ಇರಿ. ಸುಸ್ತು ಅಂತ ಮಲಗಿದ್ರೆ ಸುಸ್ತು ಇನ್ನೂ ಜಾಸ್ತಿ, ಡಾಕ್ಟರ್ ಒಪ್ಪಿದ್ರೆ ನಡಿಗೆ ಜೊತೆ ಸ್ವಲ್ಪ ಭಾರ ಎತ್ತೋ ವ್ಯಾಯಾಮ ಮಾಡಿ. ಅಳು 2 ವಾರದಲ್ಲಿ ತಗ್ಗದಿದ್ರೆ ಮನೋವೈದ್ಯರ ಹತ್ರ ನಾನೇ ಕಳಿಸ್ತೀನಿ. ಮತ್ತೆ ಹಾಲ್‌ಗೆ ಯಾಕೆ ಹೋದ್ರಿ ಅನ್ನೋದನ್ನ ಇವತ್ತೇ, ಇಲ್ಲೇ, ಹೆಂಡತಿಗೆ ಹೇಳಿ.

ಹೆಂಡತಿ ಒಳಗೆ ಬಂದ್ರು, ಇವರು ತಡವರಿಸ್ತಾ ಎಲ್ಲಾ ಹೇಳಿದ್ರು. ಆಯಮ್ಮ ತುಂಬಾ ಹೊತ್ತು ಸುಮ್ನಿದ್ದು, "ದಿಂಬಿನ ಪಕ್ಕ ಎರಡು ಬನಿಯನ್ ಇಟ್ಕೊಂಡಿದ್ರೆ ಆಗ್ತಿತ್ತಲ್ರೀ" ಅಂದ್ರು.

ಇಂಜೆಕ್ಷನ್ ತಗೊಂಡ್ರು. ಸುಸ್ತು ಇನ್ನೂ ಇದೆ, ಮಲಗೋದು ರೂಮಲ್ಲೇ.