ಇತಿಹಾಸದಲ್ಲಿ ಪಿಎಚ್.ಡಿ. ಮಾಡಿದವರು ಮ್ಯೂಸಿಯಂ ಕ್ಯುರೇಟರ್ ಆಗಬಹುದಾ?

ಕೊಡಗಿನ ಇತಿಹಾಸದ ಮೇಲೆ ಪಿಎಚ್.ಡಿ. ಮುಗಿಸಿ ವಿರಾಜಪೇಟೆಯಲ್ಲಿ ಪಾಠ ಮಾಡುತ್ತಿದ್ದೀರಿ, ಮ್ಯೂಸಿಯಂ ಕೆಲಸಕ್ಕೆ ಮತ್ತೆ ಓದಬೇಕಾ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಸ್ವಲ್ಪ ಓದಬೇಕು. ಅದಕ್ಕೂ ಮೊದಲು ಕೈ ಪಳಗಬೇಕು.

ನಾವು ಇತಿಹಾಸದವರು ಕಾಗದ ಓದಿ ಬೆಳೆದವರು. ಕೊಡಗು ಬ್ರಿಟಿಷರ ಕೈಸೇರಿದ 1834ರ ಆಚೀಚಿನ ಕಡತ ಕೊಟ್ಟರೆ ಊಟ ಮರೆತು ಕೂರುತ್ತೇವೆ. ಮ್ಯೂಸಿಯಂನಲ್ಲಿ ಕೈಗೆ ಬರುವುದು ವಸ್ತು. ಕೊಡವರು ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ, ಪೀಚೆಕತ್ತಿಯನ್ನೇ ನೋಡಿ. ಅಲಗು ಉಕ್ಕು, ಒರೆಗೆ ಮರ ಮತ್ತು ಬೆಳ್ಳಿ, ಕೆಲವಕ್ಕೆ ದಂತದ ಹಿಡಿ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಉಕ್ಕು ತುಕ್ಕು ಹಿಡಿಯುತ್ತದೆ. ತೀರಾ ಒಣಗಿಸಿದರೆ ಮರ, ದಂತ ಬಿರುಕು ಬಿಡುತ್ತವೆ. ಉಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ. ಬರಿಗೈಯಲ್ಲಿ ಹಿಡಿದರೆ ಬೆವರಿನ ಉಪ್ಪು ತಾಗಿ, ಬೆರಳಿನ ಗುರುತೇ ಅಲಗಿನ ಮೇಲೆ ತುಕ್ಕಾಗಿ ಮೂಡುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಇದನ್ನು ಕಾಪಾಡುವುದು ಸುಮ್ನೆ ಮಾತಲ್ಲ. ದಂತ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಿಗಿ ನಿಯಮಗಳೂ ಇವೆ. ಮನೆಯವರು ಪ್ರೀತಿಯಿಂದ ಕೊಟ್ಟರೂ ಕಾಗದಪತ್ರ ನೋಡದೆ ತೆಗೆದುಕೊಳ್ಳುವ ಹಾಗಿಲ್ಲ.

ಹಾಗಂತ ನಿಮ್ಮ ಪಿಎಚ್.ಡಿ. ದಂಡವಾಗುವುದಿಲ್ಲ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಹಿರಿಯರು "ಇದು ಕೊಡಗಿನ ರಾಜ ಲಿಂಗರಾಜ ಕೊಟ್ಟ ಕತ್ತಿ" ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಬಾರದು, ಕಣ್ಣುಮುಚ್ಚಿ ನಂಬಲೂಬಾರದು. ಯಾರು ಹೇಳಿದರು, ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು, ಎಲ್ಲಿ ಕೊಂಡಿ ತಪ್ಪಿದೆ ಎಂದು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಆಧಾರ ತೂಗಿ ನೋಡುವ ನಿಮ್ಮ ಅಭ್ಯಾಸ ಇಲ್ಲಿ ಚಿನ್ನ. ಕಷ್ಟವಾಗುವುದು ಲೇಬಲ್ ಬರೆಯುವಾಗ. ನಾಲ್ಕೈದು ಸಾಲಿನಲ್ಲಿ, ಶಾಲೆ ಮಕ್ಕಳಿಗೂ ಅರ್ಥವಾಗುವ ಹಾಗೆ ಬರೆಯಬೇಕಲ್ವಾ? ಅಡಿಟಿಪ್ಪಣಿಗೆ ಜಾಗವೇ ಇಲ್ಲ.

ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ನಡೆಸುವ ವಿದ್ಯೆ, ಓದಲು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ ಹಳೆಯ, ಒಳ್ಳೆಯ ಹೆಸರಿನ ಜಾಗ. ಸರ್ಕಾರಿ ಹುದ್ದೆ ಬೇಕಿದ್ದರೆ ಮೊದಲು ಹಳೆಯ ಅಧಿಸೂಚನೆಗಳಲ್ಲಿ ಯಾವ ಅರ್ಹತೆ ಕೇಳಿದ್ದಾರೆ ನೋಡಿ, ಆಮೇಲೆ ಕೋರ್ಸ್ ಸೇರಿ.

ಅಲ್ಲಿಯವರೆಗೆ ಕಾಯುತ್ತಾ ಕೂರಬೇಡಿ. ನಿಮ್ಮ ಹತ್ತಿರವೇ ಎರಡು ಬೇರೆ ಬೇರೆ ಬಗೆಯ ಮ್ಯೂಸಿಯಂ ಇವೆ. ಮಡಿಕೇರಿ ಕೋಟೆಯೊಳಗೆ ಹಳೇ ಚರ್ಚಿನಲ್ಲಿರುವುದು ಸರ್ಕಾರದ್ದು, ಅಲ್ಲಿ ವೀರಗಲ್ಲುಗಳಿವೆ. ಇನ್ನೊಂದು ಮಡಿಕೇರಿಯಲ್ಲೇ ಇರುವ, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್', 2021ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಎರಡೂ ಕಡೆ ಹೋಗಿ, ಜನ ಎಲ್ಲಿ ನಿಲ್ಲುತ್ತಾರೆ, ಯಾವ ಲೇಬಲ್ ಓದದೆ ಮುಂದೆ ಹೋಗುತ್ತಾರೆ ಗಮನಿಸಿ. ಆಮೇಲೆ ನಿಮ್ಮವರ ಮನೆಯ ಕೆಲವು ಹಳೇ ವಸ್ತುಗಳನ್ನು ಅಳೆದು, ಎಲ್ಲೆಲ್ಲಿ ಸವೆದಿದೆ, ಸೀಳಿದೆ ಎಂದು ಬರೆದು, ಫೋಟೋ ತೆಗೆದು ಒಂದು ಫೈಲ್ ಮಾಡಿ. ಅರ್ಜಿಯ ಜೊತೆ ಅದನ್ನೂ ಇಡಿ. ಫೋಟೋದಲ್ಲಿ ವಸ್ತುವಿನ ಪಕ್ಕ ಸ್ಕೇಲ್ ಇಡುವುದನ್ನು ಮರೆಯಬೇಡಿ.